ಜೀಪಿಗೆ ಮೊದಲು ಏನು ಹಾಕಿಸಬೇಕು? ದೊಡ್ಡ ಟೈರ್, ಲೈಟ್ ಬಾರ್, ಸ್ನಾರ್ಕಲ್: ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಹೊಸ ಥಾರ್ ಅಥವಾ ಬೊಲೆರೊ ಮನೆಗೆ ಬಂದು ಪೂಜೆ ಮುಗಿಯುವಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಸಲಹೆಗಳು ಶುರುವಾಗುತ್ತವೆ. "ಮೊದಲ ಟೈರ್ ದೊಡ್ಡವು ಹಾಕಸ್ರಿ", "ಮುಂದ ಗಾರ್ಡ್ ಇಲ್ಲಂದ್ರ ಗಾಡಿಗೆ ಲುಕ್ಕೇ ಇಲ್ಲ", "ಸ್ನಾರ್ಕಲ್ ಹಾಕಿದ್ರ ಹಳ್ಳ ತುಂಬಿ ಹರಿದ್ರೂ ದಾಟಬಹುದು", "ಬ್ಯಾಸಿಗಿಯೊಳಗ ಟೈರಿಗೆ ಗಾಳಿ ಕಡಿಮಿ ಹಾಕಬೇಕು". ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಕಾನೂನಿಗೆ ವಿರುದ್ಧ, ಒಂದೆರಡು ಜೀವಕ್ಕೇ ಅಪಾಯ.

ವಿಜಯಪುರದ ಗಾಂಧಿ ಚೌಕದ ಗದ್ದಲದಲ್ಲಿ ಹಾದುಹೋಗುವ ಇಂಥ ಗಾಡಿಗಳನ್ನು ನೋಡಿ. ಅವುಗಳಲ್ಲಿ ಹೆಚ್ಚಿನವು ಬೆಟ್ಟ ಹತ್ತುವ ಸ್ಪರ್ಧೆಗೆ ಹೊರಟವಲ್ಲ. ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ, ಬಬಲೇಶ್ವರ ಕಡೆಯ ಕಬ್ಬಿನ ಹೊಲಕ್ಕೆ, ಇಲ್ಲವೇ ಸೊಲ್ಲಾಪುರ ಹೆದ್ದಾರಿಗೆ ಹೊರಟವು. ಅಂದರೆ ಬಹುಪಾಲು ಓಡಾಟ ಡಾಂಬರು ರಸ್ತೆಯ ಮೇಲೆ, ಸ್ವಲ್ಪ ಹೊಲದ ದಾರಿಯಲ್ಲಿ, ಮಳೆಗಾಲದ ಕೆಲವು ದಿನ ಎರೆ ಮಣ್ಣಿನ ಕೆಸರಿನಲ್ಲಿ. ಗಾಡಿಗೆ ಏನು ಬೇಕು ಎಂಬುದನ್ನು ಈ ಓಡಾಟ ನಿರ್ಧರಿಸಬೇಕೇ ಹೊರತು ಇನ್‌ಸ್ಟಾಗ್ರಾಮ್ ರೀಲ್ ಅಲ್ಲ.

ಚುಟುಕಾಗಿ ಉತ್ತರ

ಕಂಪನಿಯಿಂದ ಬಂದ ಗಾಡಿಗೆ ಹಣ ಹಾಕುವ ಸರಿಯಾದ ಕ್ರಮ ಇದು:

1. ಗಾಡಿಯ ಸದ್ಯದ ಸ್ಥಿತಿ ಮತ್ತು ಅದನ್ನು ಬಳಸುವ ತಿಳಿವಳಿಕೆ
2. ಸರಿಯಾದ ಟೈರ್, ಗಾಳಿ ಅಳೆಯುವ ಗೇಜ್, ಗಾಳಿ ತುಂಬುವ ಸಣ್ಣ ಪಂಪ್
3. ಸಿಕ್ಕಿಬಿದ್ದಾಗ ಎಳೆಯುವ ಹಗ್ಗ, ಕೊಂಡಿ, ಸಲಿಕೆ
4. ಗಾಡಿಯ ಹೊಟ್ಟೆಯ ಭಾಗಕ್ಕೆ ರಕ್ಷಣೆ
5. ನಿಜವಾಗಿ ಬೇಕಿದ್ದರೆ ಮಾತ್ರ ಸಸ್ಪೆನ್ಷನ್, ವಿಂಚ್ ಇತ್ಯಾದಿ

ಮುಂದಿನ ಕಬ್ಬಿಣದ ಗಾರ್ಡ್, ಎಲ್‌ಇಡಿ ಲೈಟ್ ಬಾರ್, ಸದ್ದು ಮಾಡುವ ಸೈಲೆನ್ಸರ್ ಈ ಪಟ್ಟಿಯಲ್ಲೇ ಇಲ್ಲ. ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ತಿಳಿಯಿರಿ: ನಿಮ್ಮ ಗಾಡಿಯಲ್ಲಿ ಈಗಾಗಲೇ ಏನಿದೆ?

ಜೀಪಿನಂತೆ ಕಾಣುವ ಎಲ್ಲ ಗಾಡಿಗಳೂ ಒಂದೇ ಅಲ್ಲ. ಬೊಲೆರೊದಲ್ಲಿ ಎಂಜಿನ್‌ನ ಶಕ್ತಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಹೋಗುತ್ತದೆ. 2020ರಲ್ಲಿ ಬಂದ ಹೊಸ ಥಾರ್ ಫೋರ್ ಬೈ ಫೋರ್ ಆಗಿತ್ತು. ಆದರೆ 2023ರ ಜನವರಿಯಿಂದ ಹಿಂದಿನ ಗಾಲಿಗಳಷ್ಟೇ ಎಳೆಯುವ ಥಾರ್ ಕೂಡ ಮಾರಾಟದಲ್ಲಿದೆ. ಹೊರಗಿನಿಂದ ನೋಡಿದರೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. 2023ರಲ್ಲೇ ಬಂದ ಮಾರುತಿ ಜಿಮ್ನಿ ಫೋರ್ ಬೈ ಫೋರ್. ಫೋರ್ಸ್ ಗೂರ್ಖಾದಲ್ಲಂತೂ ಹಿಂದೆ ಮುಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ ಕಂಪನಿಯಿಂದಲೇ ಬರುತ್ತದೆ.

ಡಿಫರೆನ್ಷಿಯಲ್ ಎಂದರೇನು? ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುವ ಹಲ್ಲುಚಕ್ರಗಳ ಪೆಟ್ಟಿಗೆಯೇ ಡಿಫರೆನ್ಷಿಯಲ್. ಡಾಂಬರಿನ ಮೇಲೆ ಇದು ವರ, ಕೆಸರಿನಲ್ಲಿ ಶಾಪ. ಒಂದು ಗಾಲಿ ಜಾರತೊಡಗಿದರೆ ಅದಕ್ಕೆ ಸಿಗುವಷ್ಟೇ ತಿರುಚುಬಲ ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿಗೂ ಸಿಗುತ್ತದೆ. ಜಾರುವ ಗಾಲಿಗೆ ಬಲವೇ ಬೇಡವಾದ್ದರಿಂದ ಇನ್ನೊಂದಕ್ಕೂ ಬಲ ಸಿಗದೆ ಗಾಡಿ ನಿಲ್ಲುತ್ತದೆ. ಒಂದು ಗಾಲಿ ಗಿರ್ರನೆ ತಿರುಗುತ್ತಾ ಇನ್ನೊಂದು ಸುಮ್ಮನೆ ನಿಂತಿರುವುದನ್ನು ನೀವು ನೋಡಿಯೇ ಇರುತ್ತೀರಿ. ಇದನ್ನು ತಡೆಯಲು ಥಾರ್‌ನ ಕೆಲವು ವೇರಿಯಂಟ್‌ಗಳಲ್ಲಿ ತಾನೇ ಲಾಕ್ ಆಗುವ ಹಿಂದಿನ ಡಿಫರೆನ್ಷಿಯಲ್ ಇದೆ. ಜಿಮ್ನಿಯಲ್ಲಿ ಜಾರುವ ಗಾಲಿಗೆ ಬ್ರೇಕ್ ಹಾಕಿ ಬಲವನ್ನು ಇನ್ನೊಂದಕ್ಕೆ ತಿರುಗಿಸುವ ವ್ಯವಸ್ಥೆ ಇದೆ.

ಹಾಗಾಗಿ ಮೊದಲ ಖರ್ಚು ಶೂನ್ಯ ರೂಪಾಯಿಯದು: ಗಾಡಿಯ ಜೊತೆ ಬಂದ ಮಾಲೀಕರ ಕೈಪಿಡಿಯನ್ನು ಓದುವುದು. ಲೋ ರೇಂಜ್ ಗೇರ್ ಯಾವಾಗ ಹಾಕಬೇಕು, ಗಟ್ಟಿ ಡಾಂಬರಿನ ಮೇಲೆ ಫೋರ್ ವ್ಹೀಲ್‌ನಲ್ಲಿ ಯಾಕೆ ಓಡಿಸಬಾರದು, ಎಳೆಯುವ ಕೊಂಡಿ ಎಲ್ಲಿದೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಬಳಸಲು ಬಾರದ ಫೋರ್ ಬೈ ಫೋರ್ ಲಿವರ್‌ಗಿಂತ ಬಳಸಲು ಬರುವ ಸಾದಾ ಬೊಲೆರೊ ಮೇಲು.

ಇನ್ನೊಂದು ಮಾತು. ಫೋರ್ ಬೈ ಫೋರ್ ಗಾಡಿಯನ್ನು ಮುಂದಕ್ಕೆ ನೂಕಲು ನೆರವಾಗುತ್ತದೆ, ನಿಲ್ಲಿಸಲು ಅಲ್ಲ. ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಗಾಲಿಗೇ ಇರುತ್ತದೆ. "ಫೋರ್ ಬೈ ಫೋರ್ ಐತಿ, ಮಳಿಯೊಳಗ ಜೋರ ಹೋದ್ರೂ ನಡೀತದ" ಎಂಬುದು ಶುದ್ಧ ತಪ್ಪು.

ಟೈರ್: ದೊಡ್ಡದಲ್ಲ, ಸರಿಯಾದದ್ದು

ಗಾಡಿ ಮತ್ತು ನೆಲದ ನಡುವೆ ಇರುವ ಸಂಬಂಧವೆಂದರೆ ನಾಲ್ಕು ಅಂಗೈಯಷ್ಟು ರಬ್ಬರ್. ಎಳೆತ, ಬ್ರೇಕ್, ತಿರುವು ಎಲ್ಲವೂ ಅದರ ಮೂಲಕವೇ. ಆದ್ದರಿಂದ ಟೈರ್ ಮೊದಲ ಸ್ಥಾನದಲ್ಲಿರುವುದು ಸರಿ. ಆದರೆ "ದೊಡ್ಡ ಟೈರ್" ಮತ್ತು "ಒಳ್ಳೆಯ ಟೈರ್" ಬೇರೆ ಬೇರೆ.

ಲೆಕ್ಕ ಹಾಕಿ ನೋಡೋಣ. 215/75 ಆರ್ 15 ಅಳತೆಯ ಟೈರಿನ ಒಟ್ಟು ವ್ಯಾಸ ಸುಮಾರು 703 ಮಿಲಿಮೀಟರ್. ಅದನ್ನು ತೆಗೆದು 235/75 ಆರ್ 15 ಹಾಕಿದರೆ ವ್ಯಾಸ ಸುಮಾರು 733 ಮಿಲಿಮೀಟರ್. 30 ಮಿಲಿಮೀಟರ್ ಹೆಚ್ಚಾಯಿತು. ಆದರೆ ಗಾಡಿ ಏರುವುದು ಅದರ ಅರ್ಧದಷ್ಟು ಮಾತ್ರ, ಅಂದರೆ 15 ಮಿಲಿಮೀಟರ್, ಒಂದು ಬೆರಳಿನ ದಪ್ಪ. ಅದಕ್ಕೆ ಪ್ರತಿಯಾಗಿ ಗಾಲಿಯ ಸುತ್ತಳತೆ ಶೇ 4ರಷ್ಟು ಹೆಚ್ಚಿತು. ಹಳೆಯ ಟೈರಿನಲ್ಲಿ ಗಂಟೆಗೆ 80 ಕಿ.ಮೀ. ಓಡುತ್ತಿದ್ದ ಗಾಡಿ, ಮೀಟರ್ ಅದೇ ಅಂಕಿ ತೋರಿಸುವಾಗ ಈಗ 83ಕ್ಕಿಂತ ಹೆಚ್ಚು ಓಡುತ್ತಿರುತ್ತದೆ. ಟೈರ್ ಭಾರವಾದಷ್ಟೂ ಬ್ರೇಕ್, ಬೇರಿಂಗ್, ಸ್ಟೀರಿಂಗ್ ಮೇಲಿನ ಹೊರೆ ಹೆಚ್ಚು, ಮೈಲೇಜ್ ಕಡಿಮೆ.

ಅಳತೆ ಬದಲಿಸಲೇಬೇಕೆಂದರೆ ಕಂಪನಿಯೇ ಅದೇ ಮಾದರಿಯ ಬೇರೆ ವೇರಿಯಂಟ್‌ಗೆ ಕೊಟ್ಟ ಅಳತೆಯ ಒಳಗೇ ಇರುವುದು ಸುರಕ್ಷಿತ. ಟೈರಿನ ಮೇಲೆ ಬರೆದಿರುವ ಭಾರ ಮತ್ತು ವೇಗದ ಸಂಕೇತ ಮೂಲ ಟೈರಿನದಕ್ಕಿಂತ ಕಡಿಮೆ ಇರಬಾರದು.

ಇನ್ನು ಮಾದರಿ. ಮೂರು ಬಗೆ ಸಿಗುತ್ತವೆ: ಹೆದ್ದಾರಿಗೆ ಎಚ್‌ಟಿ, ಎರಡಕ್ಕೂ ಹೊಂದುವ ಎಟಿ, ಕೆಸರಿಗೆ ಎಂಟಿ. ದೊಡ್ಡ ದೊಡ್ಡ ಕಟ್ಟೆಗಳಿರುವ ಎಂಟಿ ಟೈರ್ ನೋಡಲು ಭಾರೀ ಚೆಂದ. ಆದರೆ ಒದ್ದೆ ಡಾಂಬರಿನ ಮೇಲೆ ಅದರ ಹಿಡಿತ ಸಾಮಾನ್ಯವಾಗಿ ಕಡಿಮೆ, ಗಾಡಿ ನಿಲ್ಲಲು ಹೆಚ್ಚು ದೂರ ಬೇಕು, ಸದ್ದೂ ಹೆಚ್ಚು. ಡಾಂಬರಿನ ಮೇಲೇ ಹೆಚ್ಚು ಓಡಾಡುವವರಿಗೆ ಒಳ್ಳೆಯ ಎಟಿ ಟೈರ್ ಸಾಕು.

ಹಳೆಯ ಟೈರ್ ಇದ್ದರೆ ಅದರ ವಯಸ್ಸು ನೋಡಿ. ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಿಕೆಯ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ಕಾರಿನ ಟೈರಿನ ಗೀರುಗಳ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಆಗಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಸವೆದ ಟೈರಿಟ್ಟುಕೊಂಡು ಲೈಟ್ ಬಾರ್‌ಗೆ ಹಣ ಹಾಕುವುದು ಛಾವಣಿ ಸೋರುವಾಗ ಗೋಡೆಗೆ ಬಣ್ಣ ಬಳಿದಂತೆ.

ಫಾರ್ವರ್ಡ್: "ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಿ, ಇಲ್ಲದಿದ್ದರೆ ಟೈರ್ ಸಿಡಿಯುತ್ತದೆ"

ಇದು ತಪ್ಪು, ಅಪಾಯಕಾರಿಯೂ ಹೌದು. ಬಿಸಿಗೆ ಟೈರಿನೊಳಗಿನ ಒತ್ತಡ ಏರುವುದು ನಿಜ. ತಾಪಮಾನ 5–6 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 1 ಪಿಎಸ್‌ಐ ಹೆಚ್ಚುತ್ತದೆ. ಆದರೆ ಟೈರ್ ವಿನ್ಯಾಸ ಮಾಡುವಾಗಲೇ ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಗಾಳಿ ಕಡಿಮೆ ಇದ್ದಾಗ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ. ಆ ಮಡಚುವಿಕೆಯೇ ಒಳಗೆ ಶಾಖ ಹುಟ್ಟಿಸುತ್ತದೆ. 40 ಡಿಗ್ರಿ ದಾಟುವ ವಿಜಯಪುರದ ಬೇಸಿಗೆಯಲ್ಲಿ, ತುಂಬಿದ ಗಾಡಿ, ಹೆದ್ದಾರಿ ವೇಗ, ಕಡಿಮೆ ಗಾಳಿ ಮೂರೂ ಸೇರಿದರೆ ಟೈರ್ ಸಿಡಿಯುವ ಸಾಧ್ಯತೆ ಹೆಚ್ಚುತ್ತದೆಯೇ ವಿನಾ ಕಡಿಮೆ ಆಗುವುದಿಲ್ಲ.

ಸರಿಯಾದ ಕ್ರಮ: ಬೆಳಗ್ಗೆ ಗಾಡಿ ಓಡುವ ಮೊದಲು, ಟೈರ್ ತಣ್ಣಗಿರುವಾಗ ಅಳೆಯಿರಿ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಬರೆದಷ್ಟು ಗಾಳಿ ಹಾಕಿ. "ನೈಟ್ರೋಜನ್ ಹಾಕಿದರೆ ಚಿಂತೆಯೇ ಇಲ್ಲ" ಎನ್ನುವವರಿಗೆ ಒಂದು ಮಾತು: ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಯಾವುದನ್ನು ಹಾಕಿದರೂ ಅಳೆಯುವುದು ತಪ್ಪುವುದಿಲ್ಲ.

ಹಾಗಾದರೆ ಕೆಸರಿನಲ್ಲಿ ಗಾಳಿ ಇಳಿಸಬೇಕು ಎನ್ನುತ್ತಾರಲ್ಲ?

ಅದು ನಿಜ, ಆದರೆ ನಿಧಾನ ಓಡಾಟಕ್ಕೆ ಮಾತ್ರ. 1,800 ಕೆ.ಜಿ. ತೂಕದ ಗಾಡಿಯಲ್ಲಿ ಒಂದು ಗಾಲಿಯ ಮೇಲೆ ಸುಮಾರು 450 ಕೆ.ಜಿ. ಭಾರ ಬೀಳುತ್ತದೆ. 32 ಪಿಎಸ್‌ಐ ಗಾಳಿ ಇದ್ದಾಗ ಟೈರ್ ನೆಲಕ್ಕೆ ತಾಗುವ ಜಾಗ ಅಂದಾಜು 200 ಚದರ ಸೆಂಟಿಮೀಟರ್. 18 ಪಿಎಸ್‌ಐಗೆ ಇಳಿಸಿದರೆ ಅದು 350 ಚದರ ಸೆಂಟಿಮೀಟರ್‌ಗೆ ಹಿಗ್ಗುತ್ತದೆ. ಭಾರ ಹಂಚಿಹೋಗಿ ಗಾಲಿ ಕಡಿಮೆ ಹೂಳುತ್ತದೆ. ಮರಳು, ಮೆತ್ತನೆಯ ಮಣ್ಣು, ಕಲ್ಲು ದಾರಿಗಳಲ್ಲಿ ಇದರಷ್ಟು ಪರಿಣಾಮ ಬೀರುವ ಇನ್ನೊಂದು ಅಗ್ಗದ ಉಪಾಯವಿಲ್ಲ. ಹಾಗೆಂದು ಇನ್ನೂ ಕೆಳಗೆ ಇಳಿಸುತ್ತಾ ಹೋದರೆ ಟೈರ್ ರಿಮ್‌ನಿಂದ ಕಳಚಿಕೊಳ್ಳಬಹುದು. ಡಾಂಬರಿಗೆ ಮರಳುವ ಮೊದಲು ಮತ್ತೆ ತುಂಬಲೇಬೇಕು. ಅದಕ್ಕೇ ಗೇಜ್ ಮತ್ತು 12 ವೋಲ್ಟ್ ಪಂಪ್ ನಮ್ಮ ಪಟ್ಟಿಯಲ್ಲಿ ಟೈರಿನ ಜೊತೆಯಲ್ಲೇ ಇವೆ.

ಎರೆ ಮಣ್ಣಿನ ಸತ್ಯ

ಬೇರೆ ಊರಿನ, ಬೇರೆ ದೇಶದ ಸಲಹೆ ನಮ್ಮಲ್ಲಿ ಕೆಡುವುದು ಇಲ್ಲೇ. ಮಲೆನಾಡಿನ ಕೆಂಪು ಮಣ್ಣಿನ ದಾರಿ ಬೇರೆ, ರಾಜಸ್ಥಾನದ ಮರಳು ಬೇರೆ, ಡೋಣಿ ದಂಡೆಯ ಎರೆ ಬೇರೆ. ಎರೆ ಮಣ್ಣಿನಲ್ಲಿ ನೀರು ಹೀರಿ ಉಬ್ಬುವ ಜಾತಿಯ ಜೇಡಿ ಹೇರಳವಾಗಿದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಅದೇ ನೆಲ ಒಂದು ದೊಡ್ಡ ಮಳೆಗೆ ಉಬ್ಬಿ ಅಂಟಿನಂತಾಗುತ್ತದೆ. ಮೇಲ್ಪದರ ಜಾರುತ್ತದೆ, ಕೆಳಪದರ ಹಿಡಿದೆಳೆಯುತ್ತದೆ.

ಎಂಟಿ ಟೈರಿನ ಕಟ್ಟೆಗಳ ನಡುವಿನ ಅಗಲ ಜಾಗ ಇರುವುದು ಗಾಲಿ ತಿರುಗುವಾಗ ಕೆಸರು ಹೊರಗೆ ಸಿಡಿಯಲಿ ಎಂದು. ಎರೆ ಮಣ್ಣು ಅಷ್ಟು ಸುಲಭವಾಗಿ ಬಿಡುವುದಿಲ್ಲ. ನಾಲ್ಕೈದು ಸುತ್ತಿಗೆ ಗೀರುಗಳೆಲ್ಲ ತುಂಬಿ ಟೈರ್ ನುಣ್ಣಗಿನ ಮಣ್ಣಿನ ಉಂಡೆಯಾಗುತ್ತದೆ. ಅಮೇಲೆ ಮಡ್‌ಗಾರ್ಡ್ ಒಳಗೆ ತುಂಬಿ ಗಾಲಿಯನ್ನೇ ಹಿಡಿಯುತ್ತದೆ. ಹಸಿ ಎರೆಯಲ್ಲಿ ದುಬಾರಿ ಗಾಡಿಯೂ ಹಳೆಯ ಗಾಡಿಯೂ ಹೆಚ್ಚು ಕಡಿಮೆ ಒಂದೇ.

ಇಲ್ಲಿ ನಿಜವಾದ "ಅಪ್‌ಗ್ರೇಡ್" ಎಂದರೆ ಒಂದೆರಡು ದಿನ ಕಾಯುವುದು, ಗಾಡಿಯನ್ನು ಗಟ್ಟಿ ದಾರಿಯಲ್ಲಿ ನಿಲ್ಲಿಸಿ ನಡೆದು ಹೋಗುವುದು, ಇಲ್ಲವೇ ಹೊಲದ ದಾರಿಗೆ ಗರಸು ಹಾಕಿಸುವುದು. ಹಸಿ ಎರೆಯಲ್ಲಿ ಗಾಡಿ ಹಾಯಿಸಿದರೆ ಮಣ್ಣು ಒತ್ತಿಕೊಂಡು ಗಟ್ಟಿಯಾಗಿ ಬೆಳೆಯ ಬೇರಿಗೂ ನೀರು ಇಂಗುವುದಕ್ಕೂ ತೊಂದರೆ. ಹಿರಿಯರು ಹದ ನೋಡಿ ಹೊಲಕ್ಕಿಳಿಯುತ್ತಿದ್ದುದು ಸುಮ್ಮನೆ ಅಲ್ಲ.

ಮೂರನೇ ಸ್ಥಾನ: ಎಳೆಯುವ ಸಾಮಾನು. ಇಲ್ಲಿ ಜೀವದ ಪ್ರಶ್ನೆ ಇದೆ

ವಿದೇಶಿ ವಿಡಿಯೊಗಳಲ್ಲಿ ಗಾಡಿ ಸಿಕ್ಕಿಬಿದ್ದರೆ ವಿಂಚ್‌ನ ಹಗ್ಗವನ್ನು ಮರಕ್ಕೆ ಸುತ್ತಿ ಎಳೆದುಕೊಳ್ಳುತ್ತಾರೆ. ಕಣ್ಣು ಹಾಯಿಸಿದಷ್ಟು ದೂರ ಮರವಿಲ್ಲದ ಎರೆ ಬಯಲಿನಲ್ಲಿ ವಿಂಚ್‌ನ ಹಗ್ಗವನ್ನು ಕಟ್ಟುವುದು ಯಾವುದಕ್ಕೆ? ನಮ್ಮ ವಿಂಚ್ ಎಂದರೆ ಪಕ್ಕದ ಹೊಲದವರ ಟ್ರ್ಯಾಕ್ಟರ್. ಹಾಗಾಗಿ ವಿಂಚ್‌ಗೆ ಹಾಕುವ ಹಣದ ಸಣ್ಣ ಭಾಗವನ್ನು ಒಳ್ಳೆಯ ಹಗ್ಗ, ಕೊಂಡಿಗಳಿಗೆ ಹಾಕಿದರೆ ಲಾಭ ಹೆಚ್ಚು.

ಟ್ರ್ಯಾಕ್ಟರ್‌ನಿಂದ ಎಳೆಸುವಾಗ ನಡೆಯುವ ತಪ್ಪುಗಳು ಮೂರು.

ಒಂದು, ಸಿಕ್ಕ ಜಾಗಕ್ಕೆ ಕಟ್ಟುವುದು. ಬಂಪರ್, ಗಾರ್ಡ್, ಸ್ಟೀರಿಂಗ್ ರಾಡ್, ಟ್ರೇಲರ್ ಎಳೆಯುವ ಗುಂಡು ಇವು ಯಾವುವೂ ಹೂತ ಗಾಡಿಯನ್ನು ಜಗ್ಗುವ ಜಾಗಗಳಲ್ಲ. ಜಗ್ಗಿದ ರಭಸಕ್ಕೆ ಆ ಗುಂಡು ಕಿತ್ತು ತೋಪಿನ ಗುಂಡಿನಂತೆ ಹಾರಿ ಜನರು ಸತ್ತ ಘಟನೆಗಳು ಆಸ್ಟ್ರೇಲಿಯಾದಂಥ ದೇಶಗಳಲ್ಲಿ ನಡೆದಿವೆ. ಚಾಸಿಗೆ ಸೇರಿಕೊಂಡ, ಕೈಪಿಡಿಯಲ್ಲಿ ತೋರಿಸಿದ ಕೊಂಡಿಗೇ ಕಟ್ಟಬೇಕು.

ಎರಡು, ಕಬ್ಬಿಣದ ಸರಪಳಿಯಿಂದ ಜೋರಾಗಿ ಜಗ್ಗುವುದು. ಸರಪಳಿ ಹಿಗ್ಗುವುದಿಲ್ಲ. ಹಾಗಾಗಿ ಪೂರ್ತಿ ಆಘಾತ ಕೊಂಡಿಯ ಮೇಲೆ ಬೀಳುತ್ತದೆ, ತುಂಡಾದರೆ ಯಾರ ಮೇಲೆ ಬೀಳುತ್ತದೆಂದು ಹೇಳಲಾಗದು. ಓಡಿ ಬಂದು ಜಗ್ಗಲು ಅದಕ್ಕೆಂದೇ ಮಾಡಿದ ಹಿಗ್ಗುವ ನೈಲಾನ್ ಹಗ್ಗ ಬೇಕು. ಅದರ ತಾಳಿಕೆ ಗಾಡಿಯ ತೂಕದ ಎರಡು ಮೂರು ಪಟ್ಟು ಇರಬೇಕು. ಸರಪಳಿಯೇ ಗತಿ ಎಂದಾದರೆ ಸಡಿಲು ಪೂರ್ತಿ ತೆಗೆದು ನಿಧಾನವಾಗಿ ಎಳೆಯಿರಿ. ಯಾವುದೇ ಹಗ್ಗವಿರಲಿ, ಅದರ ನಡುವೆ ಒದ್ದೆ ಗೋಣಿಚೀಲ ಹೊದಿಸಿ. ತುಂಡಾದರೆ ಹಾರುವ ವೇಗವನ್ನು ಅದು ತಗ್ಗಿಸುತ್ತದೆ. ನೋಡಲು ನೆರೆದವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಬೇಕು. ಮಕ್ಕಳನ್ನಂತೂ ಹತ್ತಿರ ಬಿಡಲೇಬಾರದು.

ಮೂರು, ಟ್ರ್ಯಾಕ್ಟರ್‌ನ ಮೇಲ್ಭಾಗಕ್ಕೆ ಹಗ್ಗ ಕಟ್ಟುವುದು. ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿ ಜೋರಾಗಿ ಎಳೆದರೆ, ಮುಂದೆ ಹೋಗಲಾಗದ ಟ್ರ್ಯಾಕ್ಟರ್ ತನ್ನ ಹಿಂದಿನ ಗಾಲಿಯ ಸುತ್ತಲೇ ತಿರುಗಿ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತದೆ. ಚಾಲಕನಿಗೆ ಕ್ಲಚ್ ತುಳಿಯಲೂ ಸಮಯ ಸಿಗದಷ್ಟು ಬೇಗ ಇದು ನಡೆದುಹೋಗುತ್ತದೆ. ಹಗ್ಗವನ್ನು ಯಾವಾಗಲೂ ಕೆಳಗಿನ ಡ್ರಾಬಾರ್‌ಗೇ ಕಟ್ಟಬೇಕು. ಸಹಾಯಕ್ಕೆ ಬಂದವರ ಜೀವ ಹೋಗುವಂತೆ ಆಗಬಾರದು.

ಎಷ್ಟೋ ಸಲ ಇದ್ಯಾವುದೂ ಬೇಕಾಗುವುದಿಲ್ಲ. ಗಾಲಿ ತಿರುಗಿಸುತ್ತಾ ಹೂಳಿಸಿಕೊಳ್ಳುವ ಬದಲು ಕೂಡಲೇ ನಿಲ್ಲಿಸಿ, ಗಾಳಿ ಇಳಿಸಿ, ಗಾಲಿಯ ಮುಂದಿನ ಮಣ್ಣನ್ನು ಸಲಿಕೆಯಿಂದ ತೆಗೆದು, ಕಲ್ಲು ಅಥವಾ ಹಲಗೆ ಕೊಟ್ಟು, ಬಂದ ಹಾದಿಯಲ್ಲೇ ಹಿಂದಕ್ಕೆ ಬರುವುದೇ ಸುಲಭ.

ಫಾರ್ವರ್ಡ್: "ಸ್ನಾರ್ಕಲ್ ಇದ್ದರೆ ಹಳ್ಳ ದಾಟಬಹುದು"

ಡೋಣಿ ನದಿಗೂ ಅದನ್ನು ಸೇರುವ ಹಳ್ಳಗಳಿಗೂ ಮಳೆಗಾಲದಲ್ಲಿ ದಿಢೀರ್ ನೀರು ಬರುತ್ತದೆ. ಸಾರವಾಡ ಸುತ್ತಿನ ಹೊಲಗಳು, ತಾಳಿಕೋಟೆ ಬಳಿಯ ಹಡಗಿನಾಳದ ನೆಲಮಟ್ಟದ ಸೇತುವೆ ಮುಳುಗುವುದನ್ನು ಜಿಲ್ಲೆಯವರು ಕಂಡಿದ್ದಾರೆ. ಆ ಹೊತ್ತಿನಲ್ಲಿ ಇಂಥ ಫಾರ್ವರ್ಡ್ ನಂಬುವುದು ಪ್ರಾಣಕ್ಕೆ ಸಂಚಕಾರ.

ಸ್ನಾರ್ಕಲ್ ಮಾಡುವುದು ಒಂದೇ ಕೆಲಸ: ಎಂಜಿನ್ ಗಾಳಿ ಎಳೆದುಕೊಳ್ಳುವ ಜಾಗವನ್ನು ಎತ್ತರಕ್ಕೆ ಒಯ್ಯುವುದು. ಎಂಜಿನ್‌ನೊಳಗೆ ನೀರು ಹೊಕ್ಕರೆ, ಗಾಳಿಯಂತೆ ಅದು ಕುಗ್ಗದ ಕಾರಣ ಪಿಸ್ಟನ್‌ನ ರಾಡ್ ಬಾಗುತ್ತದೆ. ಅದನ್ನು ಸ್ನಾರ್ಕಲ್ ತಡೆಯಬಹುದು. ಆದರೆ ಗಾಡಿ ತೇಲುವುದನ್ನು ಯಾವ ಸ್ನಾರ್ಕಲ್ಲೂ ತಡೆಯದು.

ಲೆಕ್ಕ ಸರಳ. ನಾಲ್ಕು ಮೀಟರ್ ಉದ್ದ, 1.7 ಮೀಟರ್ ಅಗಲದ ಗಾಡಿಯ ತಳ ಸುಮಾರು 6.8 ಚದರ ಮೀಟರ್. ತಳಕ್ಕಿಂತ ಮೇಲೆ ನೀರು ಪ್ರತಿ 10 ಸೆಂಟಿಮೀಟರ್ ಏರಿದರೆ ಸುಮಾರು 680 ಕೆ.ಜಿ.ಯಷ್ಟು ಬಲ ಗಾಡಿಯನ್ನು ಮೇಲಕ್ಕೆತ್ತುತ್ತದೆ. ಗಾಡಿ ಪೂರ್ತಿ ಪೆಟ್ಟಿಗೆಯಂತೆ ಮುಚ್ಚಿಲ್ಲ, ಹಾಗಾಗಿ ನಿಜದಲ್ಲಿ ಇದು ಸ್ವಲ್ಪ ಕಡಿಮೆ. ಆದರೂ 20–25 ಸೆಂಟಿಮೀಟರ್ ಏರಿದರೆ ಗಾಲಿಗಳ ಹಿಡಿತ ಹೋಗಲು ಸಾಕು. ಜೊತೆಗೆ ಹರಿವಿನ ವೇಗ ಎರಡು ಪಟ್ಟಾದರೆ ಪಕ್ಕಕ್ಕೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹರಿಯುವ ನೀರು ಒಂದು ಅಡಿ ಇದ್ದರೆ ಹೆಚ್ಚಿನ ಕಾರುಗಳನ್ನು, ಎರಡು ಅಡಿ ಇದ್ದರೆ ಎಸ್‌ಯುವಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು ಎಂದು ಅಮೆರಿಕದ ಹವಾಮಾನ ಸೇವೆ ಎಚ್ಚರಿಸುತ್ತದೆ.

ಥಾರ್‌ಗೆ 650 ಮಿಲಿಮೀಟರ್, ಗೂರ್ಖಾಗೆ 700 ಮಿಲಿಮೀಟರ್ ನೀರಿನಲ್ಲಿ ಹೋಗುವ ಸಾಮರ್ಥ್ಯ ಎಂದು ಕಂಪನಿಗಳು ಹೇಳುತ್ತವೆ. ಅದನ್ನು ನಿಂತ ನೀರಿನ, ಗಟ್ಟಿ ತಳದ, ನಿಧಾನ ವೇಗದ ಅಂಕಿಯೆಂದೇ ತಿಳಿಯಬೇಕು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಕೆಳಗೆ ಸೇತುವೆ ಉಳಿದಿದೆಯೋ ಇಲ್ಲವೋ ಎಂಬುದೂ ಕಾಣುವುದಿಲ್ಲ. ಅಲ್ಲಿ ಮಾಡಬೇಕಾದ ಕೆಲಸ ಒಂದೇ: ಗಾಡಿ ತಿರುಗಿಸುವುದು.

ಗಾರ್ಡ್, ಲೈಟ್ ಬಾರ್, ಎತ್ತರಿಸುವಿಕೆ: ಯಾಕೆ ಬೇಡ?

ಮುಂದಿನ ಕಬ್ಬಿಣದ ಗಾರ್ಡ್: ಇಂದಿನ ಗಾಡಿಗಳ ಮುಂಭಾಗ ಅಪಘಾತದಲ್ಲಿ ಬೇಕೆಂದೇ ಮುದುಡುವಂತೆ ಮಾಡಿರುತ್ತಾರೆ. ಆ ಮುದುಡುವಿಕೆ ಆಘಾತವನ್ನು ನುಂಗುತ್ತದೆ, ಸೆನ್ಸರ್‌ಗಳು ಅದನ್ನು ಅಳೆದು ಏರ್‌ಬ್ಯಾಗ್ ಬಿಚ್ಚುತ್ತವೆ. ಗಟ್ಟಿ ಗಾರ್ಡ್ ಹಾಕಿದರೆ ಆಘಾತ ನೇರವಾಗಿ ಚಾಸಿಗೂ ಒಳಗಿರುವವರಿಗೂ ಹೋಗುತ್ತದೆ. ಏರ್‌ಬ್ಯಾಗ್ ತಡವಾಗಿ ಅಥವಾ ತಪ್ಪು ಹೊತ್ತಿನಲ್ಲಿ ಬಿಚ್ಚಬಹುದು. ಎದುರು ಸಿಕ್ಕ ಪಾದಚಾರಿಗೆ ಅದು ಕಬ್ಬಿಣದ ಕಂಬ. ಈ ಕಾರಣಗಳಿಂದಲೇ 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇಂಥ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು.

ಲೈಟ್ ಬಾರ್: ರಾತ್ರಿ ಕಬ್ಬಿನ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಹೋಗುವ ರಸ್ತೆಯಲ್ಲಿ ಹೆಚ್ಚು ಬೆಳಕು ಬೇಕೆನಿಸುವುದು ಸಹಜ. ಆದರೆ ಎದುರಿನ ಬೈಕ್ ಸವಾರನ ಕಣ್ಣು ಕುಕ್ಕಿದರೆ ಅವನು ನಿಮ್ಮ ಗಾಡಿಗೇ ಬಂದು ಬೀಳಬಹುದು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿದ್ದು ಇದಕ್ಕೇ. ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟ್‌ಗೆ ಅಗ್ಗದ ಎಲ್‌ಇಡಿ ಬಲ್ಬ್ ಹಾಕಿದರೂ ಬೆಳಕು ಅಡ್ಡಾದಿಡ್ಡಿ ಚೆಲ್ಲುತ್ತದೆ. ಹೆಚ್ಚು ವ್ಯಾಟ್‌ನ ಬಲ್ಬ್ ಹಾಕಿದರೆ ವೈರ್ ಕಾಯ್ದು ಬೆಂಕಿಯ ಅಪಾಯ. ಬದಲಿಗೆ ಮಸುಕಾದ ಹೆಡ್‌ಲೈಟ್ ಗಾಜನ್ನು ಸ್ವಚ್ಛ ಮಾಡಿಸಿ, ಬೆಳಕು ಬೀಳುವ ಮಟ್ಟವನ್ನು ಗ್ಯಾರೇಜಿನಲ್ಲಿ ಸರಿಪಡಿಸಿ, ವೈಪರ್ ಬದಲಿಸಿ. ಖರ್ಚು ಕಡಿಮೆ, ಲಾಭ ಹೆಚ್ಚು.

ಎತ್ತರಿಸುವಿಕೆ: ಗಾಡಿ ಮಗುಚುವ ಸಾಧ್ಯತೆಯನ್ನು ಅಳೆಯಲು ಒಂದು ಸರಳ ಸೂತ್ರವಿದೆ. ಎಡ ಬಲ ಗಾಲಿಗಳ ನಡುವಿನ ಅಂತರವನ್ನು ಗಾಡಿಯ ಗುರುತ್ವ ಕೇಂದ್ರದ ಎತ್ತರದ ಎರಡು ಪಟ್ಟಿನಿಂದ ಭಾಗಿಸುವುದು. ಉತ್ತರ ಕಡಿಮೆ ಬಂದಷ್ಟೂ ಮಗುಚುವುದು ಸುಲಭ. ಅಂತರ 1.5 ಮೀಟರ್, ಕೇಂದ್ರದ ಎತ್ತರ 70 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಉತ್ತರ 1.07. ಗಾಡಿಯನ್ನು ಎರಡು ಇಂಚು ಎತ್ತರಿಸಿ ಕೇಂದ್ರ 75 ಸೆಂಟಿಮೀಟರ್‌ಗೆ ಹೋದರೆ ಅದು 1.00ಕ್ಕೆ ಇಳಿಯುತ್ತದೆ. ಮೇಲೆ ಕ್ಯಾರಿಯರ್, ಅದರ ಮೇಲೆ ಸ್ಟೆಪ್ನಿ, ಡಬ್ಬಿಗಳು ಸೇರಿದರೆ ಇನ್ನೂ ಕೆಳಗೆ. ಹೆದ್ದಾರಿಯಲ್ಲಿ ನಾಯಿ ಅಡ್ಡ ಬಂದು ಸ್ಟೀರಿಂಗ್ ಗಕ್ಕನೆ ತಿರುಗಿಸಿದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಥಾರ್‌ನ ಹೊಟ್ಟೆ ಈಗಾಗಲೇ ನೆಲದಿಂದ 226 ಮಿಲಿಮೀಟರ್, ಜಿಮ್ನಿಯದು 210 ಮಿಲಿಮೀಟರ್ ಎತ್ತರದಲ್ಲಿದೆ. ಹೊಲದ ದಾರಿಗೆ ಅಷ್ಟು ಸಾಲದೆ?

ಕಲ್ಲು ದಾರಿಯಲ್ಲಿ ತಳ ತಾಗುತ್ತದೆ ಎಂದಾದರೆ ಗಾಡಿ ಎತ್ತರಿಸುವ ಮೊದಲು ಎಂಜಿನ್ ಮತ್ತು ಗೇರ್ ಪೆಟ್ಟಿಗೆಯ ಕೆಳಗೆ ಉಕ್ಕಿನ ತಗಡು ಹಾಕಿಸುವುದು ಜಾಣತನ. ನಾಲ್ಕನೇ ಸ್ಥಾನ ಅದಕ್ಕೇ. ಬೊಲೆರೊದಲ್ಲಿ ಹಿಂದಿನ ಪಾಟಾ ಸ್ಪ್ರಿಂಗ್ ದಣಿದು ಗಾಡಿ ಕುಸಿದಿದ್ದರೆ ಅದನ್ನು ಕಂಪನಿಯ ಅಳತೆಗೆ ಸರಿಪಡಿಸಿದರೆ ಸಾಕು, ಕಳೆದುಹೋದ ಎತ್ತರ ತಾನೇ ಮರಳುತ್ತದೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಎತ್ತಿಹಿಡಿಯಿತು. 2019ರ ತಿದ್ದುಪಡಿಯಲ್ಲಿ ಸೇರಿದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. "ಅಂಗಡಿಯವರು ಮಾರುತ್ತಾರೆ, ಅಂದಮೇಲೆ ಹಾಕಬಹುದು" ಎಂಬ ವಾದ ನಿಲ್ಲುವುದಿಲ್ಲ. ಶಿಕ್ಷೆ ಗಾಡಿಯ ಮಾಲೀಕನಿಗೆ.

ದಂಡಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆ ಅಪಘಾತಕ್ಕೆ ಕಾರಣವಾಯಿತೆಂದು ಕಂಡುಬಂದರೆ ವಿಮಾ ಹಣಕ್ಕೆ ತಕರಾರು ಬರಬಹುದು. ವೈರ್ ಕತ್ತರಿಸಿ ದೀಪ ಹಾಕಿಸಿದರೆ ವಾರಂಟಿಯೂ ಹೋಗಬಹುದು. ಹಗ್ಗ, ಸಲಿಕೆ, ಗೇಜ್, ಪಂಪ್, ಅದೇ ಅಳತೆಯ ಒಳ್ಳೆಯ ಟೈರ್ ಇವಕ್ಕೆ ಈ ತಕರಾರು ಯಾವುದೂ ಇಲ್ಲ. ನಮ್ಮ ಪಟ್ಟಿಯ ಮೊದಲ ಮೂರು ಸ್ಥಾನಗಳು ಕಾನೂನಿನ ಕಣ್ಣಲ್ಲೂ ನಿರಾತಂಕ.

ದುಡ್ಡು ಕೊಡುವ ಮೊದಲು ಮೂರು ಪ್ರಶ್ನೆ

ಯಾವುದೇ ಸಾಮಾನು ಕೊಳ್ಳುವ ಮೊದಲು ಕೇಳಿಕೊಳ್ಳಿ: ಕಳೆದ ಒಂದು ವರ್ಷದಲ್ಲಿ ಇದಿಲ್ಲದೆ ನನ್ನ ಗಾಡಿ ಎಷ್ಟು ಸಲ ನಿಂತಿತು? ಇದರ ತೂಕ ಎಷ್ಟು, ಅಷ್ಟು ತೂಕ ಹಾಕಿದ ಮೇಲೆ ಐದು ಜನ ಕೂತರೆ ಗಾಡಿಯ ಮಿತಿ ದಾಟುತ್ತದೆಯೇ? ಇದು ಕೆಟ್ಟರೆ ಅಥವಾ ಕಿತ್ತು ಬಂದರೆ ಯಾರಿಗೆ ಪೆಟ್ಟಾಗುತ್ತದೆ? ಮೂರಕ್ಕೂ ಸಮಾಧಾನದ ಉತ್ತರ ಸಿಗದಿದ್ದರೆ ಆ ಹಣದಲ್ಲಿ ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್, ಅಲೈನ್‌ಮೆಂಟ್ ನೋಡಿಸಿ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

- ಮೊದಲು ಕೈಪಿಡಿ ಓದಿ, ಸರ್ವಿಸ್ ಮಾಡಿಸಿ. ಆಮೇಲೆ ಅಲಂಕಾರ.
- ಅದೇ ಅಳತೆಯ ಒಳ್ಳೆಯ ಟೈರ್, ಗೇಜ್, ಪಂಪ್ ಮೊದಲ ಖರ್ಚು.
- ಬೇಸಿಗೆಯಲ್ಲೂ ಕಂಪನಿ ಹೇಳಿದಷ್ಟೇ ಗಾಳಿ, ಟೈರ್ ತಣ್ಣಗಿರುವಾಗ.
- ಕೆಸರಿನಲ್ಲಿ ಗಾಳಿ ಇಳಿಸಿ, ಡಾಂಬರಿಗೆ ಬರುವ ಮೊದಲು ತುಂಬಿ.
- ಎಳೆಸುವಾಗ ಚಾಸಿಯ ಕೊಂಡಿಗೆ ಕಟ್ಟಿ. ಟ್ರ್ಯಾಕ್ಟರ್‌ನಲ್ಲಿ ಕೆಳಗಿನ ಡ್ರಾಬಾರ್‌ಗೆ ಮಾತ್ರ. ಜನ ದೂರ ಇರಲಿ.
- ಹರಿಯುವ ನೀರಿಗೆ ಯಾವ ಗಾಡಿಯನ್ನೂ ಇಳಿಸಬೇಡಿ.
- ಹಸಿ ಎರೆಯಲ್ಲಿ ಕಾಯುವುದಕ್ಕಿಂತ ದೊಡ್ಡ ಅಪ್‌ಗ್ರೇಡ್ ಇಲ್ಲ.